ನೀರಗಂಟಿ ಇನಾಮಿನಿಂದ ಪಿಎಚ್.ಡಿ.ವರೆಗೆ: ಕಾನೂನು ಚರಿತ್ರೆಯಲ್ಲಿ ಸಂಶೋಧನೆ ಕಟ್ಟುವ ಬಗೆ

ಕಾನೂನು ಕಾಲೇಜಿನಲ್ಲಿ ಪಾಠ ಹೇಳುವವರು ಕಾನೂನು ಚರಿತ್ರೆಗೆ ಇಳಿದಾಗ ಮೊದಲು ಎಡವುವುದು ಶೀರ್ಷಿಕೆಯಲ್ಲೇ. ‘ಪ್ರಾಚೀನ ಭಾರತದ ನ್ಯಾಯ ವ್ಯವಸ್ಥೆ: ಒಂದು ವಿಶ್ಲೇಷಣಾತ್ಮಕ ಅಧ್ಯಯನ’ ಅಂತ ಬರೆದು ಸಿನಾಪ್ಸಿಸ್ ಕೊಟ್ಟರೆ ನೋಂದಣಿಯೇನೋ ಆಗಿಬಿಡುತ್ತದೆ. ಎರಡು ವರ್ಷ ಕಳೆದ ಮೇಲೆ ನೋಡಿದರೆ ಕೈಯಲ್ಲಿರುವುದು ಬೇರೆಯವರ ಪುಸ್ತಕಗಳ ಸಾರಾಂಶ. ಮೂಲ ದಾಖಲೆ ಒಂದೂ ಇಲ್ಲ. ವೈವಾದಲ್ಲಿ ‘ಇದರಲ್ಲಿ ನಿಮ್ಮದೇನಿದೆ?’ ಅಂತ ಕೇಳಿದರೆ ಉತ್ತರ ಹೊರಡುವುದಿಲ್ಲ.

ಆದ್ದರಿಂದ ಕ್ರಮವನ್ನು ತಿರುಗಿಸಿ. ಮೊದಲು ಕಾಗದ ಎಲ್ಲಿದೆ ಅಂತ ಹುಡುಕಿ, ಆಮೇಲೆ ವಿಷಯ ಬರೆಯಿರಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಕೆಲಸ ಮಾಡುವವರಿಗೆ ಇದು ವರ. ಬೆಳಿಗ್ಗೆ ಬಸ್ಸು ಹತ್ತಿದರೆ ಹತ್ತೂವರೆಗೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ತಲುಪಬಹುದು. ಜಿಲ್ಲೆಯ ರೆಕಾರ್ಡ್ ರೂಂ ಊರಲ್ಲೇ ಇದೆ. ಕೆರೆ ಏರಿಯ ಮೇಲೆ, ಗುಡಿಯ ಗೋಡೆಯ ಮೇಲೆ ಶಾಸನ ನಿಂತಿದೆ.

ಎಂಥ ವಿಷಯ ಹಿಡಿಯಬೇಕು

ಒಳ್ಳೆಯ ವಿಷಯಕ್ಕೆ ಮೂರು ಗುಣ ಇರಬೇಕು: ಒಂದು ಕಾಯ್ದೆ ಅಥವಾ ಒಪ್ಪಂದ, ಅದು ಮುಟ್ಟಿದ ಒಂದು ನಿರ್ದಿಷ್ಟ ಜಾಗ, ಅದರ ಜಗಳ ಕೋರ್ಟಿಗೋ ಕಚೇರಿಗೋ ಹೋದ ದಾಖಲೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಕಷ್ಟ.

1892ರ ಮದ್ರಾಸ್–ಮೈಸೂರು ಒಪ್ಪಂದವನ್ನೇ ನೋಡಿ. ಕಾವೇರಿ ಅಂದರೆ ಎಲ್ಲರಿಗೂ ನೆನಪಾಗುವ ಈ ಒಪ್ಪಂದದ ಅನುಸೂಚಿಯಲ್ಲಿ ಪೆನ್ನಾರ್, ಚಿತ್ರಾವತಿ, ಪಾಪಾಗ್ನಿ, ಪಾಲಾರ್, ದಕ್ಷಿಣ ಪಿನಾಕಿನಿ ಎಲ್ಲವೂ ಇವೆ. ಇವು ಕೋಲಾರ–ಚಿಕ್ಕಬಳ್ಳಾಪುರ ಭಾಗದ ನದಿಗಳೇ. ಆ ನದಿಗಳ ಮೇಲೆ ಹೊಸ ನೀರಾವರಿ ಕಟ್ಟೆ ಕಟ್ಟಬೇಕಾದರೆ ಮೈಸೂರು ಸರ್ಕಾರ ಮೊದಲು ಮದ್ರಾಸನ್ನು ಕೇಳಬೇಕಿತ್ತು. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಬಳಿ ದಕ್ಷಿಣ ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಕಟ್ಟುತ್ತಿದ್ದ ಅಣೆಕಟ್ಟಿನ ವಿರುದ್ಧ ತಮಿಳುನಾಡು ಸುಪ್ರೀಂ ಕೋರ್ಟಿಗೆ ಹೋದಾಗ ಎತ್ತಿಕೊಂಡದ್ದು ಇದೇ 1892ರ ಕಾಗದವನ್ನು. 2019ರ ನವೆಂಬರಿನಲ್ಲಿ ಆ ಅರ್ಜಿ ವಜಾ ಆಯಿತು. ಕಾಯ್ದೆಯ ಮಾತು, ಜಾಗ, ಜಗಳ, ಮೂರೂ ಕೈಗೆ ಸಿಗುತ್ತವೆ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ನಡೆದ ಗೋಲಿಬಾರ್, ಅದರ ಬಗ್ಗೆ ನ್ಯಾಯಮೂರ್ತಿ ವೇಪಾ ರಾಮೇಶಂ ನಡೆಸಿದ ವಿಚಾರಣೆ, ಇದೂ ಒಳ್ಳೆಯದೇ. ಆದರೆ ಅದನ್ನು ಸ್ವಾತಂತ್ರ್ಯ ಹೋರಾಟದ ಕಥೆಯಾಗಿ ಬರೆದವರು ಬಹಳ ಮಂದಿ. ಕಾನೂನಿನವರು ಹಿಡಿಯಬೇಕಾದ ಎಳೆ ಬೇರೆ: ಯಾವ ಅಧಿಕಾರದಡಿ ಸಭೆ ನಿಷೇಧಿಸಿದರು, ಸಾಕ್ಷಿ ಹೇಗೆ ತೆಗೆದುಕೊಂಡರು, ಸಮಿತಿಗೆ ಯಾವ ಪ್ರಶ್ನೆ ಒಪ್ಪಿಸಿದ್ದರು. ಮೈಸೂರಿನ 1894ರ ಶಿಶು ವಿವಾಹ ತಡೆ ರೆಗ್ಯುಲೇಷನ್, 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ, ಇವುಗಳ ಕೆಳಗೆ ಜಿಲ್ಲೆಯ ಕೋರ್ಟುಗಳಲ್ಲಿ ಏನಾಯಿತು ಅನ್ನುವುದಕ್ಕೂ ಜಾಗ ಇದೆ. ಕೋಲಾರ ಚಿನ್ನದ ಗಣಿ ಎಲ್ಲರನ್ನೂ ಸೆಳೆಯುತ್ತದೆ, ಆದರೆ ಕಂಪನಿಯ ಬಹುಪಾಲು ವ್ಯವಹಾರ ನಡೆದದ್ದು ಲಂಡನ್ನಿನಿಂದ. ಮೊದಲ ಸಂಶೋಧನೆಗೆ ಅದು ಬೇಡ.

ಒಂದು ವಿಷಯವನ್ನು ಬುಡದಿಂದ ತುದಿಗೆ ಹಿಡಿಯುವುದು

ಎಲ್ಲಕ್ಕಿಂತ ಫಲವತ್ತಾದ ವಿಷಯ ಕೆರೆ ಮತ್ತು ನೀರಗಂಟಿ ಇನಾಂ ಅಂತ ನಮ್ಮ ಅಭಿಪ್ರಾಯ. ನೀರಗಂಟಿ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವವನು. ಅದಕ್ಕೆ ಪ್ರತಿಯಾಗಿ ಅವನಿಗೆ ಜಮೀನು (ಅದೇ ಇನಾಂ), ಫಸಲಿನಲ್ಲಿ ಪಾಲು. ಈ ಒಂದು ಕೆಲಸದ ಕಾನೂನನ್ನು ಒಂದೇ ಕೆರೆಯ ಮೇಲೆ ಸಾವಿರ ವರ್ಷ ಹಿಂಬಾಲಿಸಬಹುದು.

ಬುಡದಲ್ಲಿ ಶಾಸನ. ಕೆರೆ ಕಟ್ಟಿಸಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಅಂತ ಹೆಸರು. ಕೋಲಾರ ಜಿಲ್ಲೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಮಾಲೆಯ 10ನೇ ಸಂಪುಟದಲ್ಲಿವೆ, ತುಮಕೂರಿನವು 12ನೇ ಸಂಪುಟದಲ್ಲಿ. ಆಮೇಲೆ ಸಿಕ್ಕವು 16 (ತುಮಕೂರು) ಮತ್ತು 17ನೇ (ಕೋಲಾರ) ಪೂರಕ ಸಂಪುಟಗಳಲ್ಲಿ. ಚಿಕ್ಕಬಳ್ಳಾಪುರದ ಸಂಪುಟ ಯಾವುದು ಅಂತ ಹುಡುಕುತ್ತ ಕೂರಬೇಡಿ. ಆ ಜಿಲ್ಲೆ ಹುಟ್ಟಿದ್ದು 2007ರಲ್ಲಿ, ಅದರ ಶಾಸನಗಳೆಲ್ಲ ಕೋಲಾರ ಸಂಪುಟದಲ್ಲಿವೆ. ಗೌರಿಬಿದನೂರು ಅಲ್ಲಿ ‘ಗೋರಿಬಿದ್ನೂರ್’, ಬಂಗಾರಪೇಟೆ ‘ಬೌರಿಂಗ್‌ಪೇಟ್’, ತುಮಕೂರು ಸಂಪುಟದಲ್ಲಿ ಮಧುಗಿರಿ ‘ಮದ್ದಗಿರಿ’. ಕೋಲಾರ ಭಾಗ 11ನೇ ಶತಮಾನದಲ್ಲಿ ಚೋಳರ ಕೈಯಲ್ಲಿದ್ದುದರಿಂದ ಕೋಲಾರಮ್ಮನ ಗುಡಿಯೂ ಸೇರಿ ಹಲವು ಕಡೆ ಶಾಸನ ತಮಿಳಿನಲ್ಲಿದೆ. ತಮಿಳು ಓದಬಲ್ಲ ಒಬ್ಬರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಈ ಸಂಪುಟಗಳನ್ನು ಸಂಪಾದಿಸಿದ ಬಿ. ಎಲ್. ರೈಸ್ ಅವರ ಇಂಗ್ಲಿಷ್ ಅನುವಾದದಿಂದಲೇ ಉದ್ಧರಿಸಬೇಡಿ. ಅವರು ಸಾವಿರಾರು ಶಾಸನ ದಾಟಬೇಕಿತ್ತು, ಕಾನೂನಿನ ಪದಗಳು ಅನುವಾದದಲ್ಲಿ ಸವೆದುಹೋಗುತ್ತವೆ. ಸರ್ವಮಾನ್ಯ, ಕೊಡಗೆ, ಬಿತ್ತುವಟ್ಟ ಮೂರೂ ಬೇರೆ ಬೇರೆ ಹಕ್ಕು. ಮೂರಕ್ಕೂ ‘ತೆರಿಗೆ ಇಲ್ಲದ ಭೂಮಿ’ ಎನ್ನುವ ಅರ್ಥ ಹಿಡಿದರೆ ನಿಮ್ಮ ವಾದವೇ ಕುಸಿಯುತ್ತದೆ. ಮೂಲಪಾಠ ಅದೇ ಸಂಪುಟದಲ್ಲಿದೆ, ಅದನ್ನೇ ಓದಿ.

ನಡುವೆ 1831ರಿಂದ 1881ರವರೆಗಿನ ಬ್ರಿಟಿಷ್ ಕಮಿಷನರುಗಳ ಆಡಳಿತ. ಮೇಲಿನ ಕೋರ್ಟು ಮೊದಲು ಹುಜೂರ್ ಅದಾಲತ್, 1856ರಿಂದ ಜುಡಿಷಿಯಲ್ ಕಮಿಷನರ್. 1863ರಲ್ಲಿ ಬೆಂಗಳೂರು, ಕೋಲಾರ, ತುಮಕೂರು ಮೂರೂ ಸೇರಿ ನಂದಿದುರ್ಗ ಡಿವಿಜನ್ ಆಯಿತು. ಹೀಗಾಗಿ ಆ ಕಾಲದ ಕಾಗದಗಳನ್ನು ಜಿಲ್ಲೆಯ ಹೆಸರಿನಲ್ಲಷ್ಟೇ ಅಲ್ಲ, ‘ನಂದಿದುರ್ಗ’ ಅಂತಲೂ ಹುಡುಕಬೇಕು. 1860ರ ದಶಕದಲ್ಲೇ ಇನಾಂ ಕಮಿಷನ್ ಮತ್ತು ಕಂದಾಯ ಸರ್ವೆ ಶುರುವಾದವು. ಅಲ್ಲಿಯವರೆಗೆ ಬಾಯಿಮಾತಿನಲ್ಲಿ, ಶಾನುಭೋಗರ ಕಡತದಲ್ಲಿ ಇದ್ದ ಹಕ್ಕು ಸರ್ವೆ ನಂಬರಾಗಿ ಕೂತದ್ದು ಆಗ.

ಆಮೇಲೆ 1888ರ ಮೈಸೂರು ಲ್ಯಾಂಡ್ ರೆವಿನ್ಯೂ ಕೋಡ್, 1908ರ ವಿಲೇಜ್ ಆಫೀಸಸ್ ಕಾಯ್ದೆ, 1911ರ ಟ್ಯಾಂಕ್ ಪಂಚಾಯತ್ ರೆಗ್ಯುಲೇಷನ್. ಕೊನೆಗೆ 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆ. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ಕ್ಕೆ. ಅಂದಿನಿಂದ ಪಟೇಲ, ಶಾನುಭೋಗ, ತೋಟಿ, ತಳವಾರ, ನೀರಗಂಟಿ ಎಲ್ಲರ ವಂಶಪಾರಂಪರ್ಯ ಹುದ್ದೆ ಹೋಯಿತು, ಅವರ ಜಮೀನು ಸರ್ಕಾರಕ್ಕೆ ಹೋಗಿ ಅವರಿಗೇ ಮರುಮಂಜೂರಾತಿಗೆ ಬಂತು. 1978ರ ಆಗಸ್ಟ್ 7ರಿಂದ ಜಾರಿಯಾದ ತಿದ್ದುಪಡಿ ಮರುಮಂಜೂರಾದ ಜಮೀನನ್ನು 15 ವರ್ಷ ಮಾರಕೂಡದು ಅಂತು. 1963ಕ್ಕೂ 1978ಕ್ಕೂ ನಡುವೆ ಆದ ಕ್ರಯಗಳ ಗತಿ ಏನು ಅನ್ನುವುದೇ ದೊಡ್ಡ ವ್ಯಾಜ್ಯರಾಶಿಗೆ ಬೀಜ. ಅದರ ಮೇಲೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆ ತಡೆಯುವ ಕಾಯ್ದೆ, ಜನರ ಬಾಯಲ್ಲಿ ಪಿಟಿಸಿಎಲ್, 1979ರ ಜನವರಿ 1ರಿಂದ ಬಂತು. ಜಮೀನು ಮರಳಿ ಪಡೆಯುವ ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ ಮೇಲೆ, 2023ರ ತಿದ್ದುಪಡಿ ಕಾಲಮಿತಿಯನ್ನೇ ತೆಗೆದುಹಾಕಿತು. ತೋಟಿ, ತಳವಾರ, ನೀರಗಂಟಿ ಕುಟುಂಬಗಳಲ್ಲಿ ಅನೇಕ ಪರಿಶಿಷ್ಟರದೇ ಆಗಿರುವುದರಿಂದ ಎರಡು ಕಾಯ್ದೆ ಒಂದೇ ಸರ್ವೆ ನಂಬರಿನ ಮೇಲೆ ಬಂದು ಕೂರುತ್ತವೆ. ಒಂದು ಕೆರೆಯ ಕೆಳಗಿನ ನಾಲ್ಕೈದು ಸರ್ವೆ ನಂಬರ್ ಹಿಡಿದರೆ ಒಂದು ಪ್ರಬಂಧಕ್ಕೆ ಸಾಕು.

ತಾರೀಕು, ಅಳತೆ, ಹೆಸರು

ಇಲ್ಲಿ ಆಗುವ ತಪ್ಪು ಮೌಲ್ಯಮಾಪಕರ ಕಣ್ಣಿಗೆ ಮೊದಲು ಬೀಳುತ್ತದೆ.

ಶಾಸನದಲ್ಲಿ ಶಕ ವರ್ಷ ಇದ್ದರೆ 78 ಸೇರಿಸಿ. ಅಷ್ಟಕ್ಕೇ ನಿಲ್ಲಿಸದೆ ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡಿ. ಶಕಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಉಳಿದದ್ದು ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶಕ 1258 ಆದರೆ 1270, ಶೇಷ 10, ಅಂದರೆ ಧಾತು; ಕ್ರಿ.ಶ. 1336. ಇತ್ತೀಚಿನದಕ್ಕೂ ಹಾಕಿ ನೋಡಿ: 2025ರ ಯುಗಾದಿಗೆ ಶಕ 1947, ಕೂಡಿಸಿದರೆ 1959, ಶೇಷ 39, ವಿಶ್ವಾವಸು. ಶೇಷ ಸೊನ್ನೆ ಬಂದರೆ ಕ್ಷಯ. ಒಂದು ವರ್ಷ ಆಚೀಚೆ ಬಂದರೆ ಗಾಬರಿ ಬೇಡ, ಕೆತ್ತಿದವನು ಕಳೆದ ವರ್ಷದ ಬದಲು ನಡೆಯುತ್ತಿರುವ ವರ್ಷ ಎಣಿಸಿರುತ್ತಾನೆ. ಐದಾರು ವರ್ಷ ಆಚೀಚೆ ಬಂದರೆ ಮಾತ್ರ ಓದಿದ್ದು ತಪ್ಪಿರಬಹುದು, ಇಲ್ಲವೇ ಶಾಸನವೇ ನಕಲಿ ಇರಬಹುದು.

ಕಂದಾಯ ಲೆಕ್ಕದಲ್ಲಿ ಫಸಲಿ ಎಂಬ ವರ್ಷದ ಎಣಿಕೆ ಬರುತ್ತದೆ. ಅದಕ್ಕೆ 590 ಕೂಡಿಸಿ. ಫಸಲಿ 1300 ಅಂದರೆ 1890ರ ಜುಲೈ 1ರಿಂದ 1891ರ ಜೂನ್ 30. ಒಂದೇ ಇಸವಿ ಬರೆದರೆ ಅರ್ಧ ತಪ್ಪಾಗುತ್ತದೆ, ‘1890–91’ ಅಂತಲೇ ಬರೆಯಿರಿ.

ಸರ್ವೆಗೆ ಮುಂಚಿನ ಗದ್ದೆಯನ್ನು ಖಂಡುಗ, ಕೊಳಗದಲ್ಲಿ ಹೇಳುತ್ತಾರೆ. 20 ಕೊಳಗಕ್ಕೆ ಒಂದು ಖಂಡುಗ. ಅದು ಬಿತ್ತನೆಯ ಅಳತೆ, ನೆಲದ್ದಲ್ಲ. ಎಕರೆಗೆ ತಿರುಗಿಸಿ ಕೋಷ್ಟಕ ಮಾಡಲು ಹೋಗಬೇಡಿ. ಮಣ್ಣು, ನೀರು ಬದಲಾದಂತೆ ಬೀಜವೂ ಬದಲಾಗುತ್ತದೆ. ಸರ್ವೆಯ ನಂತರದ್ದು ನಿಶ್ಚಿತ: 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ನಾಣ್ಯದ ಲೆಕ್ಕದಲ್ಲಿ ‘ಹಾಗ’ ಅಂದರೆ ‘ಹಣ’ ಎಂಬ ನಾಣ್ಯದ ಕಾಲು ಭಾಗ, ‘ವೀಸ’ ಅಂದರೆ ಅದರ ಹದಿನಾರರಲ್ಲಿ ಒಂದು.

ಕಾಯ್ದೆಯ ಹೆಸರಿನಲ್ಲೂ ಬಲೆ ಇದೆ. ಸಂಸ್ಥಾನದಲ್ಲಿ ‘ರೆಗ್ಯುಲೇಷನ್’ ಆಗಿದ್ದದ್ದು ಆಮೇಲಿನ ಮುದ್ರಣಗಳಲ್ಲಿ ‘ಆ್ಯಕ್ಟ್’ ಆಗಿದೆ. 1973ರ ನವೆಂಬರ್ 1ರ ನಂತರ ‘ಮೈಸೂರು’ ಇದ್ದಲ್ಲಿ ‘ಕರ್ನಾಟಕ’ ಬಂತು. 1961ರ ಭೂಸುಧಾರಣಾ ಕಾಯ್ದೆ ಹುಟ್ಟಿದ್ದು ಮೈಸೂರಿನ ಹೆಸರಿನಲ್ಲಿ. ಹಾಗೆಯೇ ಮೇಲಿನ ಕೋರ್ಟು 1884ರಿಂದ ಚೀಫ್ ಕೋರ್ಟ್, 1930ರಿಂದ ಹೈಕೋರ್ಟ್. ಹುಡುಕುವಾಗ ಎಲ್ಲ ಹೆಸರನ್ನೂ ಹಾಕಿ, ಬರೆಯುವಾಗ ಆ ಕಾಲದ ಹೆಸರನ್ನೇ ಬಳಸಿ. ‘1910ರಲ್ಲಿ ಕರ್ನಾಟಕ ಹೈಕೋರ್ಟ್’ ಅಂತ ಬರೆದ ಪ್ರಬಂಧ ಉಳಿದದ್ದರಲ್ಲಿ ಎಷ್ಟೇ ಚೆನ್ನಾಗಿದ್ದರೂ ನಂಬಿಕೆ ಕಳೆದುಕೊಳ್ಳುತ್ತದೆ. ಮೈಸೂರಿನ ಮೊಕದ್ದಮೆ ಪ್ರಿವಿ ಕೌನ್ಸಿಲಿಗೆ ಅಪೀಲು ಹೋಯಿತು ಅಂತ ಬರೆಯುವುದೂ ಇದೇ ಜಾತಿಯ ತಪ್ಪು. ಅದು ಸಂಸ್ಥಾನ, ಬ್ರಿಟಿಷ್ ಇಂಡಿಯಾ ಅಲ್ಲ. ಬೆಂಗಳೂರಿನ ದಂಡು ಪ್ರದೇಶ ಮಾತ್ರ 1947ರವರೆಗೆ ಬ್ರಿಟಿಷ್ ರೆಸಿಡೆಂಟರ ಕೈಕೆಳಗೆ ಬೇರೆಯೇ ಇತ್ತು.

ಕಾಗದ ತೆಗೆಸುವುದು

ರಾಜ್ಯ ಪತ್ರಾಗಾರಕ್ಕೆ ಹೋಗುವ ಮುಂಚೆ ಫೋನ್ ಮಾಡಿ. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪ್ರಾಂಶುಪಾಲರ ಪತ್ರ, ಗುರುತಿನ ಚೀಟಿ, ಎರಡು ಪೆನ್ಸಿಲ್ ಇರಲಿ. ಹಳೆಯ ಕಾಗದದ ಹತ್ತಿರ ಪೆನ್ನು ತೆಗೆಯಬಾರದು. ಪತ್ರದಲ್ಲಿ ‘ಸಂಶೋಧನೆಗಾಗಿ’ ಅಂತಷ್ಟೇ ಬರೆಸದೆ ಯಾವ ಇಲಾಖೆ, ಯಾವ ಇಸವಿಯಿಂದ ಯಾವ ಇಸವಿ ಅಂತ ಬರೆಸಿ. ಮೊದಲ ದಿನ ಪೂರ್ತಿ ಸೂಚಿ ಓದುವುದಕ್ಕೇ ಹೋಗಲಿ. ರೆಸಿಡೆನ್ಸಿಯ ಕಾಗದಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿವೆ. ಅದರ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಕೂತಲ್ಲೇ ಹುಡುಕಬಹುದು. ಕಾಗುಣಿತ ಮಾತ್ರ ಇಂಗ್ಲಿಷರದ್ದು, ಊರಿನ ಹೆಸರನ್ನು ನಾಲ್ಕು ಬಗೆಯಲ್ಲಿ ಹಾಕಿ ನೋಡಿ. ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ಬಿಡಬೇಡಿ. 1881ರಲ್ಲಿ ಶುರುವಾದ ಆ ಸಭೆಗೆ ಕಾನೂನು ಮಾಡುವ ಬಲ ಇರಲಿಲ್ಲ, ಆದರೆ ತಾಲ್ಲೂಕುಗಳಿಂದ ಬಂದವರು ಕೆರೆ, ಕಂದಾಯ, ಅಮಲ್ದಾರರ ಕಾಟ ಎಲ್ಲವನ್ನೂ ಅಲ್ಲಿ ಹೇಳಿಕೊಂಡಿದ್ದಾರೆ.

ತಾಲ್ಲೂಕು ಕಚೇರಿಯಲ್ಲಿ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆಕಾರಬಂದ್, ಮ್ಯುಟೇಷನ್ ರಿಜಿಸ್ಟರ್ ಇಷ್ಟನ್ನು ಹೆಸರು ಹೇಳಿ ಕೇಳಿ. ‘ಹಳೇ ರೆಕಾರ್ಡ್ ಕೊಡಿ’ ಅಂದರೆ ಏನೂ ಸಿಗುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಹಾಕುವುದಾದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ. ಮೂರು ವಿಷಯ ಕೇಳಿದ ಅರ್ಜಿ ವಾಪಸ್ಸು ಬಂದರೆ ದೂರಬೇಡಿ. ಚಿಕ್ಕಬಳ್ಳಾಪುರದವರು 2007ಕ್ಕೆ ಮುಂಚಿನ ಜಿಲ್ಲಾ ಕಡತಕ್ಕೆ ಕೋಲಾರದಲ್ಲೂ ವಿಚಾರಿಸಬೇಕು.

ಕೋರ್ಟಿನ ಕಾಗದಕ್ಕೆ ದಾರಿ ಬೇರೆ. ದಾವೆಯಲ್ಲಿ ಪಕ್ಷಗಾರರಲ್ಲದವರು ಪ್ರಮಾಣಪತ್ರದೊಂದಿಗೆ, ಯಾಕೆ ಬೇಕು ಅಂತ ಕಾರಣ ಹೇಳಿ ಕೋರ್ಟಿಗೇ ಅರ್ಜಿ ಹಾಕಬೇಕು. ಮಾಹಿತಿ ಹಕ್ಕಿನಲ್ಲಿ ಕೇಳಿ ಆರು ತಿಂಗಳು ಕಳೆಯುವವರಿದ್ದಾರೆ. ಕೋರ್ಟಿನ ನಿಯಮದಲ್ಲಿ ದಾರಿ ಇರುವಾಗ ಆ ದಾರಿಯಲ್ಲೇ ಬರಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಗುಜರಾತ್ ಹೈಕೋರ್ಟಿನ ಪ್ರಕರಣದಲ್ಲಿ ತೀರ್ಮಾನಿಸಿದೆ. ಇನ್ನೊಂದು ಮಾತು, ತೀರ್ಪು, ಡಿಕ್ರಿ ಉಳಿದಿದ್ದರೂ ಸಾಕ್ಷಿ ಹೇಳಿಕೆ, ಮಧ್ಯಂತರ ಅರ್ಜಿಗಳನ್ನು ಕಾಲ ಮುಗಿದ ಮೇಲೆ ನಾಶ ಮಾಡುತ್ತಾರೆ. ಆದ್ದರಿಂದ ಸಾಕ್ಷಿಗಳ ಮಾತಿನ ಮೇಲೆ ನಿಂತ ಪ್ರಬಂಧ ಯೋಜಿಸುವ ಮುಂಚೆ ಒಂದೆರಡು ಕಡತ ತೆಗೆಸಿ ನೋಡಿ, ಒಳಗೆ ಏನು ಉಳಿದಿದೆ ಅಂತ.

ಮನೆಗಳಲ್ಲಿರುವ ಕಾಗದ ಎಲ್ಲಕ್ಕಿಂತ ರಸವತ್ತು, ಎಲ್ಲಕ್ಕಿಂತ ಅಪಾಯ. ಹಳೆಯ ಶಾನುಭೋಗರ ಮನೆಯ ಅಟ್ಟದಲ್ಲಿ ಕಡತ ಸಿಗಬಹುದು: ಬಟ್ಟೆಗೆ ಹುಣಸೆ ಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆದದ್ದು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಅಕ್ಷರವೇ ಹೋಗುತ್ತದೆ, ಯಾಕೆಂದರೆ ಅಳಿಸಿ ಮತ್ತೆ ಬರೆಯಲೆಂದೇ ಅದನ್ನು ಮಾಡಿದ್ದು. ಮಡಿಕೆಯನ್ನು ಬಲವಂತವಾಗಿ ಬಿಡಿಸಬೇಡಿ, ಕಪ್ಪು ಪದರ ಮಡಿಕೆಯ ಗೆರೆಯಲ್ಲಿ ಉದುರುತ್ತದೆ. ಫ್ಲಾಶ್ ಹಾಕದೆ, ಕಿಟಕಿಯ ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು. ಮೋಡಿ ಲಿಪಿಯ ಮರಾಠಿ, ಶಿರಾ ಕಡೆಯಾದರೆ ಪಾರಸಿ ಸಿಕ್ಕರೂ ಆಶ್ಚರ್ಯವಿಲ್ಲ. 1687ರಿಂದ ಶಿರಾ ಮೊಗಲರ ಸುಬಾ ಆಗಿತ್ತು.

ಮನೆಯವರಿಗೆ ಮೊದಲು ಬರುವ ಅನುಮಾನ ‘ಯಾರೋ ಜಮೀನಿನ ಮೇಲೆ ಕೇಸು ಹಾಕೋಕೆ ಬಂದವ್ರೆ’ ಅನ್ನುವುದು. ಅದು ಸಹಜವೇ. ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ, ಮೂಲವನ್ನು ಮನೆಯಿಂದ ಹೊರಗೆ ಒಯ್ಯಬೇಡಿ, ತೆಗೆದ ಫೋಟೊಗಳ ಒಂದು ಪ್ರತಿ ಅವರಿಗೇ ಕೊಡಿ. ನಡೆಯುತ್ತಿರುವ ವ್ಯಾಜ್ಯಕ್ಕೆ ಸೇರಿದ ಕಾಗದ ಅಂತ ಗೊತ್ತಾದ ಕೂಡಲೇ ಮುಚ್ಚಿಟ್ಟು ಬನ್ನಿ.

ಫೋಟೊಗಳಿಗೆ ಅಂದೇ ಸಂಜೆ ಹೆಸರಿಡಿ: ಕಚೇರಿ, ಇಲಾಖೆ, ಇಸವಿ, ಫೈಲ್ ನಂಬರ್, ಪುಟ. ಒಂದು ವಾರ ಬಿಟ್ಟರೆ ಮುನ್ನೂರು ಚಿತ್ರದಲ್ಲಿ ಯಾವುದು ಯಾವ ಫೈಲಿನದು ಅಂತ ಹೇಳಲಾಗುವುದಿಲ್ಲ, ನಂಬರ್ ಇಲ್ಲದ ದಾಖಲೆಯನ್ನು ಅಡಿಟಿಪ್ಪಣಿಯಲ್ಲಿ ಹಾಕಲೂ ಆಗುವುದಿಲ್ಲ.

ನೋಂದಣಿ, ಅಂಕ, ಬಡ್ತಿ

ರಾಜ್ಯದ ಕಾನೂನು ಕಾಲೇಜುಗಳ ಪಿಎಚ್.ಡಿ. ಸಾಮಾನ್ಯವಾಗಿ ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಮೂಲಕ. ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ಮಹಿಳೆಯರಿಗೆ ಎರಡು ವರ್ಷ ಹೆಚ್ಚು. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್. ಒಬ್ಬ ಪ್ರೊಫೆಸರ್ ಎಂಟು, ಅಸೋಸಿಯೇಟ್ ಆರು, ಅಸಿಸ್ಟೆಂಟ್ ನಾಲ್ಕು ಮಂದಿಗಷ್ಟೇ ಮಾರ್ಗದರ್ಶನ ಮಾಡಬಹುದು. ಅದಕ್ಕೇ ಸೀಟು ಸಿಗುವುದು ತಡ. ಕೆಲಸದಲ್ಲಿರುವವರು ಪಾರ್ಟ್‌ಟೈಮ್ ಸೇರಲು ಆಡಳಿತ ಮಂಡಳಿಯ ನಿರಾಕ್ಷೇಪಣಾ ಪತ್ರ ಬೇಕು, ಅದನ್ನು ಪ್ರವೇಶ ಪರೀಕ್ಷೆಗೆ ಮುಂಚೆಯೇ ಪಡೆದಿಟ್ಟುಕೊಳ್ಳಿ.

2018ರ ಯುಜಿಸಿ ನಿಯಮದಂತೆ ಅಸೋಸಿಯೇಟ್ ಪ್ರೊಫೆಸರ್ ಹುದ್ದೆಗೆ ನೇರ ನೇಮಕವಾಗಲು ಪಿಎಚ್.ಡಿ., ಎಂಟು ವರ್ಷದ ಅನುಭವ, ಏಳು ಪ್ರಕಟಣೆ, ಸಂಶೋಧನಾ ಅಂಕ 75 ಬೇಕು. ಪ್ರೊಫೆಸರ್‌ಗೆ ಹತ್ತು ವರ್ಷ, ಹತ್ತು ಪ್ರಕಟಣೆ, 120. ಕಾನೂನಿನವರಿಗೆ ಒಂದು ಲೇಖನಕ್ಕೆ 10 ಅಂಕ, ಸಂಪಾದಿತ ಗ್ರಂಥದ ಒಂದು ಅಧ್ಯಾಯಕ್ಕೆ 5. ಏಳು ಲೇಖನ, ಒಂದು ಅಧ್ಯಾಯ ಆದರೆ ಸರಿಯಾಗಿ 75. ಆದರೆ ಇಬ್ಬರು ಸೇರಿ ಬರೆದರೆ ತಲಾ ಶೇಕಡಾ 70 ಮಾತ್ರ. ಏಳನ್ನೂ ಜೋಡಿಯಾಗಿ ಬರೆದವರಿಗೆ ಸಿಗುವುದು 49. ಪ್ರತಿ ಲೇಖನಕ್ಕೂ ಮೇಲಿನವರ ಹೆಸರು ಸೇರಿಸುವ ಅಭ್ಯಾಸ ಅರ್ಜಿ ಹಾಕುವ ದಿನ ಹೀಗೆ ಕಡಿಯುತ್ತದೆ. ಒಪ್ಪಿತ ಪತ್ರಿಕೆಗಳ ಯುಜಿಸಿ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ ಪತ್ರಿಕೆಯ ಯೋಗ್ಯತೆ ನೀವೇ ನೋಡಬೇಕು. ಎರಡೇ ದಿನದಲ್ಲಿ ಸ್ವೀಕರಿಸಿ ಹಣದ ರಸೀದಿ ಕಳಿಸುವ ಪತ್ರಿಕೆಗೆ ಕೊಟ್ಟರೆ ಎರಡು ವರ್ಷದ ಕೆಲಸ ನೀರಿಗೆ ಹೋದಂತೆ. ಅರ್ಜಿಯ ವರ್ಷದಲ್ಲಿ ಜಾರಿಯಲ್ಲಿರುವ ಅಧಿಸೂಚನೆಯನ್ನೇ ಓದಿ.

ಏಳು ಲೇಖನ ಎಲ್ಲಿಂದ ಬರಬೇಕು? ಮೇಲಿನ ಕೆರೆಯನ್ನೇ ತುಂಡು ಮಾಡಿ. ಬಿತ್ತುವಟ್ಟದ ಶಾಸನಗಳಲ್ಲಿ ಹಕ್ಕಿನ ಭಾಷೆ ಒಂದು. 1911ರ ರೆಗ್ಯುಲೇಷನ್ ಕಾಗದದಲ್ಲಿ ಮತ್ತು ಕೆರೆಯಲ್ಲಿ, ಇನ್ನೊಂದು. 1963ರಿಂದ 1978ರ ಕ್ರಯಗಳು ಮೂರನೆಯದು. ಪಿಟಿಸಿಎಲ್ ಮತ್ತು ಗ್ರಾಮ ಕಚೇರಿ ಕಾಯ್ದೆ ಒಂದೇ ಜಮೀನಿನ ಮೇಲೆ ಬಂದಾಗ ಕೋರ್ಟು ಯಾವುದನ್ನು ಮೊದಲು ಹಿಡಿಯಿತು, ನಾಲ್ಕನೆಯದು. 1892ರ ಒಪ್ಪಂದದಲ್ಲಿ ಪಾಲಾರ್, ಪಿನಾಕಿನಿ ಐದು. ಉಳಿದೆರಡು ಕಡತ ತೆಗೆದ ಮೇಲೆ ತಾವಾಗಿಯೇ ಏಳುತ್ತವೆ. ಪ್ರತಿ ಲೇಖನದಲ್ಲೂ ಈವರೆಗೆ ಅಚ್ಚಾಗದ ಕನಿಷ್ಠ ಒಂದು ದಾಖಲೆ ಇರಲಿ, ಅದರ ಪೂರ್ತಿ ಪಾಠವನ್ನು ಅನುಬಂಧವಾಗಿ ಕೊಡಿ. ನಿಮ್ಮ ವಾದವನ್ನು ಒಪ್ಪದವರೂ ಆ ಪಾಠಕ್ಕಾಗಿ ನಿಮ್ಮ ಲೇಖನವನ್ನು ಉಲ್ಲೇಖಿಸಲೇಬೇಕಾಗುತ್ತದೆ.